ಅಡಿಕೆ ಹಾಳೆಯ ತಟ್ಟೆ: ಮಂಗಳೂರಿನ ಊಟವನ್ನು ತಾಳಬಲ್ಲುದೇ?

ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ಊಟಕ್ಕೂ, ಆ ಬಳಿಕ ನೆಂಟರಿಷ್ಟರ ಕೆಲವು ಸಮಾರಂಭಗಳಿಗೂ ಅಡಿಕೆ ಹಾಳೆಯ ತಟ್ಟೆ ಮತ್ತು ಬಟ್ಟಲುಗಳನ್ನು ತರಿಸಿ ಬಳಸಿದ್ದೇವೆ. ಒಂದಷ್ಟನ್ನು ಮಂಗಳೂರಿನ ಸೆಂಟ್ರಲ್ ಮಾರುಕಟ್ಟೆಯ ಆಸುಪಾಸಿನ ಅಂಗಡಿಗಳಲ್ಲಿ ಕೊಂಡೆವು. ಉಳಿದದ್ದನ್ನು ಪುತ್ತೂರಿನ ಕಡೆ ಮನೆಯ ಶೆಡ್ಡಿನಲ್ಲೇ ಯಂತ್ರ ಇಟ್ಟುಕೊಂಡು ತಟ್ಟೆ ಒತ್ತುವ ಒಂದು ಕುಟುಂಬದಿಂದ ನೇರವಾಗಿ ತಂದೆವು. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ತಟ್ಟೆ ಹಿಡಿದು ನಿಂತು ಉಣ್ಣುವ ಬಫೆ ಊಟಕ್ಕೆ ನಮ್ಮ ಜಿಲ್ಲೆಯಲ್ಲಿ ಸಿಗುವ ಬಳಸಿ ಬಿಸಾಡುವ ತಟ್ಟೆಗಳ ಪೈಕಿ ಇದೇ ಉತ್ತಮ. ಆದರೆ ಕೊಳ್ಳುವಾಗ ಒಂದೊಂದನ್ನೂ ನೋಡಿ ಕೊಳ್ಳಬೇಕು, ಮತ್ತು ಊಟ ಮುಗಿದ ಮೇಲೆ ತಟ್ಟೆ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಈ ಎರಡನ್ನೂ ಬಿಟ್ಟರೆ ಹೆಚ್ಚು ಹಣ ಕೊಟ್ಟು ಹಾಳೆ ತಟ್ಟೆ ತಂದದ್ದರಿಂದ ಪ್ಲಾಸ್ಟಿಕ್ಕಿನ ಕಸ ನಾವು ನೆನೆಸಿದಷ್ಟು ಕಡಿಮೆಯಾಗುವುದಿಲ್ಲ.

ಈ ತಟ್ಟೆಯ ಮೂಲವಸ್ತು ನಮ್ಮ ತೋಟಗಳಲ್ಲಿ ತಾನಾಗಿಯೇ ಬೀಳುವಂಥದು. ಅಡಿಕೆ ಮರ ವರ್ಷಕ್ಕೆ ಹಲವು ಸೋಗೆಗಳನ್ನು ಉದುರಿಸುತ್ತದೆ. ಸೋಗೆಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿದ್ದ ಹಾಳೆಯೂ ಅದರೊಡನೆ ಕೆಳಗೆ ಬರುತ್ತದೆ. ತಟ್ಟೆಗಾಗಿ ಯಾರೂ ಮರ ಕಡಿಯಬೇಕಾಗಿಲ್ಲ, ಹಸಿ ಸೋಗೆ ಕೊಯ್ಯಬೇಕಾಗಿಲ್ಲ. ಬೇಸಿಗೆಯಲ್ಲಿ ಬಿದ್ದ ಹಾಳೆಗಳನ್ನು ಆಯ್ದು, ಒಣಗಿಸಿ, ಮಳೆ ತಾಗದ ಕಡೆ ಒಟ್ಟಿಟ್ಟುಕೊಳ್ಳುತ್ತಾರೆ. ಒತ್ತುವ ಮುನ್ನ ನೀರಿನಲ್ಲಿ ನೆನೆಹಾಕಿ, ಬ್ರಷ್ಷಿನಿಂದ ಉಜ್ಜಿ ಮಣ್ಣು ತೆಗೆದು, ನೀರು ಬಸಿದ ಬಳಿಕ ಕಾದ ಅಚ್ಚುಗಳ ನಡುವೆ ಇಟ್ಟು ಒತ್ತಿ, ಸುತ್ತಲಿನ ಅಂಚನ್ನು ಕತ್ತರಿಸುತ್ತಾರೆ. ಅಂಟು, ಮೇಣ, ಬಣ್ಣ ಯಾವುದನ್ನೂ ಸೇರಿಸುವ ಅಗತ್ಯವಿಲ್ಲ. ಶಾಖ ಮತ್ತು ಒತ್ತಡಕ್ಕೆ ಸಿಕ್ಕಿದ ನಾರು ತಾನೇ ಆಕಾರವನ್ನು ಹಿಡಿದುಕೊಳ್ಳುತ್ತದೆ. ಒಂದು ಹಾಳೆಯ ಅಗಲ ಎಷ್ಟೋ ತಟ್ಟೆಯ ಅಗಲವೂ ಅಷ್ಟಕ್ಕೇ ಸೀಮಿತ. ಹೀಗಾಗಿ ಹನ್ನೆರಡು ಇಂಚಿನ ತಟ್ಟೆಗೆ ಒಳ್ಳೆಯ ಅಗಲವಾದ, ಸೀಳಿಲ್ಲದ ಹಾಳೆ ಬೇಕು ಮತ್ತು ಅದರ ಬೆಲೆ ಎದ್ದು ಕಾಣುವಷ್ಟು ಹೆಚ್ಚು. ತುಳುನಾಡಿನ ರೈತರು ಇದೇ ಹಾಳೆಯಿಂದ ಮುಟ್ಟಾಳೆ ಹೊಲಿದು ತಲೆಗಿಟ್ಟುಕೊಂಡವರು. ಬಿಸಿಲು, ಮಳೆ, ತಲೆಹೊರೆ ಎಲ್ಲವನ್ನೂ ಈ ನಾರು ತಾಳುತ್ತದೆಂಬುದು ಇಲ್ಲಿ ಹೊಸದಾಗಿ ಪರೀಕ್ಷಿಸಬೇಕಾದ ವಿಷಯವಲ್ಲ.

ಹಾಳೆ ತಟ್ಟೆಯ ಬೆಲೆ ತಿಳಿಯಬೇಕಾದರೆ ಅದು ಯಾವುದರ ಜಾಗದಲ್ಲಿ ಬರುತ್ತಿದೆ ಎಂಬುದನ್ನು ನೋಡಬೇಕು. ಥರ್ಮೋಕೋಲ್ ತಟ್ಟೆ ಮತ್ತು ಪ್ಲಾಸ್ಟಿಕ್ ತಟ್ಟೆಗಳಿಗೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧ ಹೇರಿದೆ. ಆ ಆದೇಶದಲ್ಲಿ ಲೋಟ, ಚಮಚ, ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆ ಕೂಡ ಸೇರಿವೆ. ಕೇಂದ್ರ ಸರ್ಕಾರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಇವೆಲ್ಲದರ ನಂತರ ಅಂಗಡಿಗಳಲ್ಲಿ ಬಿಳಿ ಥರ್ಮೋಕೋಲ್ ತಟ್ಟೆ ಕಡಿಮೆಯಾಗಿದೆ, ನಿಜ. ಅದರ ಜಾಗಕ್ಕೆ ಬಂದವು ಎರಡು. ಒಂದು ಹೊಳೆಯುವ ಸಿಲ್ವರ್ ಪ್ಲೇಟು. ಇನ್ನೊಂದು ಬಾಳೆ ಎಲೆಯಂತೆ ಹಸಿರು ಬಣ್ಣ, ನರಗಳ ಗೆರೆ ಎಲ್ಲ ಮುದ್ರಿಸಿದ ಪೇಪರ್ ಎಲೆ. ಎರಡಕ್ಕೂ ಕಾಗದದ ತಟ್ಟೆ ಎಂಬ ಹೆಸರಿದೆ, ಆದರೆ ಸಾರು ಇಳಿಯದಂತೆ ತಡೆಯುವುದು ಕಾಗದಕ್ಕೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ ಪೊರೆ. ಅನುಮಾನವಿದ್ದವರು ಒಂದು ತುಂಡನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಿಟ್ಟು ಮೂಲೆಯಿಂದ ಸುಲಿದು ನೋಡಬಹುದು: ಕಾಗದ ಕರಗಿ ಬರುತ್ತದೆ, ಪೊರೆ ಹಾಗೇ ಉಳಿಯುತ್ತದೆ. ತೆಂಗಿನ ಬುಡಕ್ಕೆ ಹಾಕಿದ ಪೇಪರ್ ಎಲೆಯ ಪೊರೆ ಮರುವರ್ಷ ಬುಡ ಬಿಡಿಸುವಾಗ ಹಾರೆಗೆ ಸಿಕ್ಕಿಕೊಳ್ಳುವುದನ್ನು ತೋಟದವರು ಬಲ್ಲರು. ಕೊಳ್ಳುವವರು ಪ್ಲಾಸ್ಟಿಕ್ ಬಿಟ್ಟೆವೆಂಬ ಸಮಾಧಾನದಿಂದಲೇ ಕೊಳ್ಳುವುದರಿಂದ ನನ್ನ ಮಟ್ಟಿಗೆ ಈ ಪೇಪರ್ ಎಲೆ ಥರ್ಮೋಕೋಲ್‌ಗಿಂತಲೂ ಹೆಚ್ಚು ಎಚ್ಚರ ಬೇಡುವ ವಸ್ತು.

ಇನ್ನು ಊಟದ ಪರೀಕ್ಷೆ. ಪಲ್ಯ, ಕೋಸಂಬರಿ, ಚಿತ್ರಾನ್ನಗಳನ್ನು ಯಾವ ತಟ್ಟೆಯೂ ತಾಳುತ್ತದೆ. ನಮ್ಮ ಊಟದ ಕಷ್ಟ ಇರುವುದು ನೀರಾದ ಪದಾರ್ಥಗಳಲ್ಲಿ. ಬಿಸಿ ಅನ್ನದ ಮೇಲೆ ಕುದಿಯುವ ಸಾರು, ಅದರ ಹಿಂದೆಯೇ ಕೊದ್ದೆಲು, ಮೆಣಸ್ಕಾಯಿ, ಮಜ್ಜಿಗೆಹುಳಿ, ಕೊನೆಗೆ ಪಾಯಸ ಹೀಗೆ ಒಂದರ ಮೇಲೊಂದು ಬರುವಾಗ ಸಿಲ್ವರ್ ಪ್ಲೇಟು ಕೈಯಲ್ಲೇ ಬಾಗುತ್ತದೆ, ಎರಡು ಪ್ಲೇಟು ಸೇರಿಸಿ ಹಿಡಿಯುವವರನ್ನು ಎಲ್ಲ ಬಫೆಗಳಲ್ಲೂ ಕಾಣಬಹುದು. ಹಾಳೆ ತಟ್ಟೆ ಬಾಗುವುದಿಲ್ಲ. ತುಂಬ ಬಡಿಸಿಕೊಂಡರೂ ಒಂದೇ ಕೈಯಲ್ಲಿ ನಿಲ್ಲುತ್ತದೆ, ಕೆಳಗಿನಿಂದ ಅಂಗೈಗೆ ಬಿಸಿ ತಟ್ಟುವುದೂ ಬಹಳ ಕಡಿಮೆ. ವಯಸ್ಸಾದವರಿಗೆ ಈ ಒಂದು ಗುಣವೇ ದೊಡ್ಡ ಅನುಕೂಲ. ಒಳ್ಳೆಯ ತಟ್ಟೆಯಲ್ಲಿ ಸಾರು ಒಂದೆರಡು ಗಂಟೆ ನಿಂತರೂ ಕೆಳಗೆ ಒಸರಲಿಲ್ಲ. ತೆಂಗಿನೆಣ್ಣೆಯ ಒಗ್ಗರಣೆ ಮಾತ್ರ ನಾರಿನೊಳಗೆ ಇಳಿದು ಹಿಂಬದಿಯಲ್ಲಿ ಕಪ್ಪು ಮಚ್ಚೆಯಾಗಿ ಕಂಡಿತು, ತೊಟ್ಟಿಕ್ಕಲಿಲ್ಲ.

ಕೋರಿ ರೊಟ್ಟಿಗೆ ಇದು ಹೇಳಿ ಮಾಡಿಸಿದಂಥ ತಟ್ಟೆ. ಗರಿಗರಿ ರೊಟ್ಟಿಯನ್ನು ಮುರಿದು ಹಾಕಿ, ಅದು ಮುಳುಗುವಷ್ಟು ಕೋಳಿಯ ಗಸಿ ಹೊಯ್ದು, ಮೆತ್ತಗಾಗುವವರೆಗೆ ಕಾಯುವ ಊಟ ಅದು. ಅಂಚು ಎತ್ತರವಾಗಿರುವ ಹತ್ತು ಇಂಚಿನ ಹಾಳೆ ತಟ್ಟೆಯಲ್ಲಿ ಗಸಿ ಅತ್ತಿತ್ತ ಹರಿಯದೆ ನಿಂತಿತು. ಮೀನಿನ ಪುಳಿಮುಂಚಿಗೂ ತೊಂದರೆಯಾಗಲಿಲ್ಲ, ಮುಳ್ಳನ್ನು ಅಂಚಿಗೆ ಒತ್ತರಿಸಲು ಅನುಕೂಲವೇ ಆಯಿತು. ನೀರುದೋಸೆ ಮಾತ್ರ ತಟ್ಟೆಯ ಒರಟು ಮೈಗೆ ಅಂಟಿಕೊಂಡು ಎತ್ತುವಾಗ ಹರಿಯುತ್ತದೆ. ಕೆಳಗೆ ಒಂದು ತುಂಡು ಬಾಳೆ ಎಲೆ ಹಾಕಿದರೆ ಸರಿಹೋಗುತ್ತದೆ.

ದೋಷಗಳನ್ನೂ ಹೇಳಲೇಬೇಕು. ತೀರಾ ಬಿಸಿಯಾದ ಸಾರು ಬಿದ್ದಾಗ ಹಸಿ ಕಟ್ಟಿಗೆಯ ಒಂದು ವಾಸನೆ ಏಳುತ್ತದೆ. ಸಾರಿನ ಇಂಗಿನ ಪರಿಮಳದಲ್ಲಿ ಅದು ಮುಚ್ಚಿಹೋಗುತ್ತದೆ. ಆದರೆ ಹಾಳೆಯ ಬಟ್ಟಲಿನಲ್ಲಿ ಬಿಸಿ ಪಾಯಸ ಕೊಟ್ಟಾಗ ಏಲಕ್ಕಿಯ ಜೊತೆಗೆ ಈ ವಾಸನೆ ಸ್ಪಷ್ಟವಾಗಿ ತಿಳಿಯಿತು, ಮತ್ತು ಮಕ್ಕಳಲ್ಲಿ ಕೆಲವರು ಅದನ್ನು ಬಿಟ್ಟೇಬಿಟ್ಟರು. ಬಟ್ಟಲುಗಳ ಬಗ್ಗೆ ನನಗೆ ಇನ್ನೊಂದು ಆಕ್ಷೇಪವೂ ಇದೆ. ಆಳವಾದ ಅಚ್ಚಿನಲ್ಲಿ ಹಾಳೆಯನ್ನು ಹೆಚ್ಚು ಹಿಗ್ಗಿಸಿ ಒತ್ತುವುದರಿಂದ ತಿರುವುಗಳಲ್ಲಿ ನಾರು ಬಿರಿದು, ಕಣ್ಣಿಗೆ ಕಾಣದ ಸೀಳಿನಿಂದ ಪಾಯಸ ಜಿನುಗುತ್ತದೆ. ತಟ್ಟೆಗಳಲ್ಲಿ ಅಪರೂಪವಾಗಿದ್ದ ಈ ತೊಂದರೆ ಬಟ್ಟಲುಗಳಲ್ಲಿ ಮೇಲಿಂದ ಮೇಲೆ ಕಂಡಿತು. ಪಾಯಸಕ್ಕೆ ಸ್ಟೀಲ್ ಬಟ್ಟಲನ್ನು ಬಾಡಿಗೆಗೆ ತರುವುದೇ ಸರಿ. ಕತ್ತರಿಸಿದ ಅಂಚು ಕೆಲವು ತಟ್ಟೆಗಳಲ್ಲಿ ಚೂಪಾಗಿರುತ್ತದೆ, ಸಣ್ಣ ನಾರು ಬೆರಳಿಗೆ ಚುಚ್ಚುತ್ತದೆ. ಚಿಕ್ಕ ಮಕ್ಕಳ ಕೈಗೆ ಕೊಡುವ ಮೊದಲು ಅಂಚಿನ ಮೇಲೆ ಬೆರಳಾಡಿಸಿ ನೋಡುವುದು ಒಳ್ಳೆಯದು. ಹಾಳೆಯ ಚಮಚ ನನಗೆ ಸ್ವಲ್ಪವೂ ಹಿಡಿಸಲಿಲ್ಲ, ತುಟಿಗೆ ಒರಟು. ನಾವು ಕೈಯಲ್ಲಿ ಉಣ್ಣುವವರಾದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ.

ಕರಾವಳಿಯಲ್ಲಿ ಹಾಳೆ ತಟ್ಟೆಗೆ ದೊಡ್ಡ ಶತ್ರು ಮಳೆಗಾಲದ ತೇವ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಡಿಯ ಮೂಲೆಯಲ್ಲಿ ಒಟ್ಟಿದ ತಟ್ಟೆಗಳಿಗೆ ಬೂಸಲು ಹಿಡಿಯದಿದ್ದರೆ ಅದೇ ವಿಶೇಷ. ಅಂಗಡಿಯೊಂದರಿಂದ ಶ್ರಾವಣದಲ್ಲಿ ತಂದ ಕಟ್ಟುಗಳಲ್ಲಿ ಮೇಲಿನ ತಟ್ಟೆಗಳು ಚೊಕ್ಕವಾಗಿದ್ದು, ನಡುವಿನವುಗಳ ಮೇಲೆ ಬೂದುಬಣ್ಣದ ಪುಡಿ ಕೂತಿತ್ತು. ಅಂಥದ್ದನ್ನು ಬಟ್ಟೆಯಿಂದ ಒರೆಸಿ ಬಡಿಸುವ ಪರಿಪಾಠ ಕೆಲವು ಕಡೆ ಇದೆ. ಅದು ತಪ್ಪು, ಬೂಸಲು ನಾರಿನೊಳಗೂ ಇಳಿದಿರುತ್ತದೆ. ಆದ್ದರಿಂದ ಕಟ್ಟನ್ನು ಬಿಚ್ಚಿಸಿ ನಡುವಿನ ತಟ್ಟೆಯನ್ನು ಹೊರಗೆಳೆದು ನೋಡಬೇಕು, ಮೂಸಿ ನೋಡಬೇಕು, ಬೆಳಕಿಗೆ ಹಿಡಿದು ಸೀಳಿನಿಂದ ಬೆಳಕು ತೂರುತ್ತದೆಯೇ ಎಂದು ಪರೀಕ್ಷಿಸಬೇಕು. ಕಂದು ಮತ್ತು ಕೆನೆಬಣ್ಣದ ಗೆರೆಗಳು ಹಾಳೆಯ ಸಹಜ ಬಣ್ಣ, ಅವುಗಳಿಂದ ಹಾನಿಯಿಲ್ಲ. ನೀಲಿ ಛಾಯೆಯ ಕಲೆ ಕಂಡರೆ ಬೇಡವೆನ್ನಬೇಕು, ಅದು ತೋಟದಲ್ಲಿ ಸಿಂಪಡಿಸಿದ ಔಷಧದ್ದಿರಬಹುದು. ಕೊಳೆರೋಗ ಬಾರದಂತೆ ಮಳೆಗಾಲದ ಆರಂಭದಲ್ಲೂ ನಡುವೆಯೂ ಅಡಿಕೆ ಗೊನೆಗಳಿಗೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ; ಗೊನೆಯ ಬಳಿಯ ಹಾಳೆಗೂ ಅದು ತಾಗುತ್ತದೆ. ಬೇಸಿಗೆಯ ಹಾಳೆಯನ್ನೇ ಆಯ್ದು, ಚೆನ್ನಾಗಿ ತೊಳೆದು ಒತ್ತುವ ತಯಾರಕರು, ಹಾಳೆಗೆ ಸಿಂಪಡಣೆ ತಾಗಿದೆಯೇ ಎಂದು ಕೇಳಿದರೆ ಬೇಸರಪಡುವುದಿಲ್ಲ. ನಾವು ನೇರವಾಗಿ ತಂದ ಮನೆಯವರು ಹಾಳೆ ಒಟ್ಟಿದ ಅಟ್ಟವನ್ನೂ ತೊಳೆಯುವ ತೊಟ್ಟಿಯನ್ನೂ ಕರೆದೊಯ್ದು ತೋರಿಸಿದರು, ಅವರ ತಟ್ಟೆಗಳಲ್ಲಿ ಎಣಿಸಿ ತೆಗೆದಿಡಬೇಕಾದಂಥ ದೋಷ ಕಾಣಲೇ ಇಲ್ಲ.

ಬೆಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹತ್ತು ಇಂಚಿನ ತಟ್ಟೆಗೆ ಐದಾರು ರೂಪಾಯಿಯ ಆಸುಪಾಸು, ಹನ್ನೆರಡು ಇಂಚಿನದಕ್ಕೆ ಅದಕ್ಕಿಂತ ಎರಡು ಮೂರು ರೂಪಾಯಿ ಹೆಚ್ಚು. ಸಿಲ್ವರ್ ಪ್ಲೇಟಿನ ಎರಡು ಮೂರು ಪಟ್ಟು ಬೆಲೆ ಇದು. ಆದರೆ ಮಂಗಳೂರಿನಲ್ಲಿ ಒಂದು ಊಟಕ್ಕೆ ಅಡುಗೆಯವರಿಗೆ ಕೊಡುವ ದರದ ಮುಂದೆ ಈ ವ್ಯತ್ಯಾಸ ತೀರಾ ಸಣ್ಣದು. ಅಡಿಕೆಗೆ 1973ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರಿ ಸಂಸ್ಥೆಯ ಬೆಂಬಲವಿದೆ. ಹಾಳೆ ಆಯ್ದು ಕೊಡುವವರಿಗೆ ಹತ್ತಿರದ ಶೆಡ್ಡಿನವರು ಕೊಟ್ಟದ್ದೇ ಬೆಲೆ. ನೇರವಾಗಿ ಕೊಂಡರೆ ನಾಲ್ಕು ಕಾಸು ಅವರಿಗೂ ತಲುಪುತ್ತದೆ. ಅಂಗಡಿಯ ತಟ್ಟೆಗಳಲ್ಲಿ ನನಗೆ ಬಹಳ ಬೇಸರ ತಂದದ್ದು ಅವುಗಳ ಹೊದಿಕೆ. ಹತ್ತು ಹತ್ತು ತಟ್ಟೆಗೊಂದು ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ. ಇನ್ನೂರು ಜನರ ಊಟಕ್ಕೆ ತಟ್ಟೆ ತಂದರೆ ಇಪ್ಪತ್ತು ಪ್ಲಾಸ್ಟಿಕ್ ಹೊದಿಕೆಗಳು ಅದರೊಡನೆ ಮನೆಗೆ ಬರುತ್ತವೆ. ತೇವದಿಂದ ಕಾಪಾಡಲು ಅದು ಬೇಕೆಂದು ವ್ಯಾಪಾರಿಗಳು ಹೇಳುತ್ತಾರೆ. ಪುತ್ತೂರಿನ ಮನೆಯವರು ಮುಂಚಿತವಾಗಿ ಹೇಳಿದ್ದರಿಂದ ಎಲ್ಲವನ್ನೂ ಹುರಿಯಲ್ಲಿ ಕಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಕೊಟ್ಟರು, ಒಂದೂ ಹಾಳಾಗಲಿಲ್ಲ.

ಆರೋಗ್ಯದ ಕುರಿತ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಅಡಿಕೆಯ ಹಾಳೆಯಿಂದ ಮಾಡಿದ ತಟ್ಟೆಗಳು ಆಹಾರಕ್ಕೆ ತಕ್ಕುದಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2025ರಲ್ಲಿ ಪ್ರಕಟಿಸಿ, ಆಮದಿಗೆ ತಡೆಯೊಡ್ಡಿತು. ಅರೆಕೊಲಿನ್ ಮುಂತಾದ ಆಲ್ಕಲಾಯ್ಡುಗಳು, ಎಂದರೆ ಅಡಿಕೆಯಲ್ಲಿ ಸಹಜವಾಗಿರುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು, ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಕಾರಣ. ಜಿಲ್ಲೆಯ ತಯಾರಕರಿಗೆ ಇದು ದೊಡ್ಡ ಪೆಟ್ಟು, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕೊಳ್ಳುವವನಾಗಿ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವರ್ಷದಲ್ಲಿ ಕೆಲವೇ ಸಮಾರಂಭಗಳಲ್ಲಿ ಇದರಲ್ಲಿ ಉಣ್ಣುವುದಕ್ಕೂ, ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ತಪ್ಪುತ್ತದೆಂದು ದಿನವೂ ಬಿಸಿ, ಹುಳಿ ಪದಾರ್ಥಗಳನ್ನು ಇದರಲ್ಲಿ ಬಡಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ; ಎರಡನೆಯದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ನಮ್ಮ ಮನೆಯ ಊಟದಲ್ಲಿ ಸ್ಟೀಲ್ ತಟ್ಟೆಯನ್ನೇ ಇಟ್ಟಿದ್ದೆವು. ಈಚೆಗೆ ತಟ್ಟೆಯ ಮೇಲೆ ಬಾಳೆ ಎಲೆಯ ಒಂದು ವೃತ್ತ ಕತ್ತರಿಸಿ ಹಾಸಿ ಬಡಿಸುವವರಿದ್ದಾರೆ. ಬಾಗದ ತಟ್ಟೆಯೂ ಆಯಿತು, ಆಹಾರ ತಾಗುವುದು ಎಲೆಗೂ ಆಯಿತು; ಈ ಕ್ರಮ ನನಗೆ ತುಂಬ ಒಪ್ಪಿಗೆಯಾಗಿದೆ.

ಪಂಕ್ತಿ ಹಾಕಿ ಕೂರಿಸಿ ಬಡಿಸುವ ಜಾಗ ಇದ್ದಲ್ಲಿ ಬಾಳೆ ಎಲೆಯೇ ಮೊದಲು. ಅಲ್ಲಿ ಹಾಳೆ ತಟ್ಟೆಯನ್ನು ತರುವುದೇ ಅನಗತ್ಯ. ಬಾಡಿಗೆ ಪಾತ್ರೆಯವರಿಂದ ಸ್ಟೀಲ್ ತಟ್ಟೆ ತಂದು ತೊಳೆಯುವ ಜನರನ್ನು ನೇಮಿಸಿಕೊಂಡರೆ ಕಸವೇ ಹುಟ್ಟುವುದಿಲ್ಲ. ಆದರೆ ನಗರದ ನೀರಿನ ಸ್ಥಿತಿಯನ್ನೂ ನೋಡಬೇಕಾಗುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟ 2019 ಮತ್ತು 2023ರಂಥ ಬೇಸಿಗೆಗಳಲ್ಲಿ, ನೂರಾರು ತಟ್ಟೆ ತೊಳೆಯಲು ಟ್ಯಾಂಕರ್ ತರಿಸುವುದಕ್ಕಿಂತ ಹಾಳೆ ತಟ್ಟೆ ಬಳಸುವುದು ಯುಕ್ತ.

ಊಟದ ನಂತರದ ಮಾತು ಎಲ್ಲಕ್ಕಿಂತ ಮುಖ್ಯ. ಬಫೆಯ ಕೊನೆಯಲ್ಲಿ ಇಟ್ಟ ಒಂದೇ ಡ್ರಮ್ಮಿಗೆ ತಟ್ಟೆ, ನೀರಿನ ಪುಟ್ಟ ಬಾಟಲಿ, ಐಸ್‌ಕ್ರೀಮಿನ ಕಪ್ಪು, ಟಿಶ್ಯೂ ಎಲ್ಲವೂ ಬಿದ್ದು, ರಾತ್ರಿ ಎಲ್ಲವನ್ನೂ ಕಪ್ಪು ಚೀಲದಲ್ಲಿ ಕಟ್ಟಿ ಇಟ್ಟರೆ, ಮಣ್ಣಾಗಬೇಕಿದ್ದ ಹಾಳೆಯೂ ಪ್ಲಾಸ್ಟಿಕ್ಕಿನೊಡನೆ ಪಚ್ಚನಾಡಿಯ ದಾರಿ ಹಿಡಿಯುತ್ತದೆ. 2019ರ ಆಗಸ್ಟ್‌ನ ಮಳೆಯಲ್ಲಿ ಆ ಪಚ್ಚನಾಡಿಯ ಕಸದ ಬೆಟ್ಟ ಜರಿದು ಕೆಳಗಿನ ಮಂದಾರದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಆವರಿಸಿತು; ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ನಗರ ಬಿಸಾಡಿದ ಪ್ಲಾಸ್ಟಿಕ್ ಅಡಿಕೆ ತೋಟವನ್ನೇ ಹೂತುಹಾಕಿದ ಆ ದೃಶ್ಯವನ್ನು ಕಂಡ ಮೇಲೆ, ಅಡಿಕೆ ತೋಟದಿಂದಲೇ ಬಂದ ತಟ್ಟೆಯನ್ನು ಮತ್ತೆ ಅದೇ ರಾಶಿಗೆ ಕಳುಹಿಸಲು ನನ್ನಿಂದಾಗುವುದಿಲ್ಲ. ಆದ್ದರಿಂದ ನಾವು ಡ್ರಮ್ಮುಗಳನ್ನು ಬೇರೆ ಬೇರೆ ಇಟ್ಟು, ಒಬ್ಬರನ್ನು ಅಲ್ಲೇ ನಿಲ್ಲಿಸಿದೆವು. ನಿಂತವರು ಎರಡು ಬಾರಿ ಹೇಳಿದರೆ ಸಾಕು, ಬಂದವರೆಲ್ಲ ಸಂತೋಷದಿಂದಲೇ ಸಹಕರಿಸುತ್ತಾರೆ. ತಟ್ಟೆಗಳನ್ನು ತುಂಡು ಮಾಡಿ, ಉಳಿದ ಅನ್ನದೊಡನೆ ತೆಂಗಿನ ಬುಡದ ಗುಂಡಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿ ಸೆಗಣಿ ನೀರು ಚಿಮುಕಿಸಿದ್ದು ಎರಡು ಮೂರು ತಿಂಗಳಲ್ಲಿ ಗುರುತು ಸಿಗದಂತೆ ಕೊಳೆಯಿತು. ತುಂಡು ಮಾಡದೆ ಇಡಿಯಾಗಿ ಒಟ್ಟಿದ ತಟ್ಟೆ ಮಾತ್ರ ಬಹಳ ನಿಧಾನ, ಒಂದರೊಳಗೊಂದು ಕೂತು ಗಾಳಿಯಾಡದೆ ಹಾಗೇ ಉಳಿಯುತ್ತದೆ. ಫ್ಲಾಟಿನಲ್ಲಿ ಇರುವವರು ಪಾಲಿಕೆಯ ಹಸಿ ಕಸದ ಬಂಡಿಗೆ ಕೊಡಬಹುದು, ಜೊತೆಯಲ್ಲಿ ಪ್ಲಾಸ್ಟಿಕ್ ಚೀಲ ಇರಬಾರದು ಅಷ್ಟೆ. ಎಮ್ಮೆ, ದನ ಸಾಕಿದವರು ಹಾಳೆಯನ್ನು ಕತ್ತರಿಸಿ ಮೇವಾಗಿ ಹಾಕುವ ರೂಢಿ ನಮ್ಮಲ್ಲಿದೆ. ಬಳಸಿದ ತಟ್ಟೆಯನ್ನು ಹಾಗೆ ಕೊಡುವುದಾದರೆ ಉಪ್ಪು, ಖಾರ ಹೋಗುವಂತೆ ತೊಳೆದು, ಮುಳ್ಳು ಎಲುಬು ಇಲ್ಲವೆಂದು ಖಚಿತಪಡಿಸಿಕೊಂಡೇ ಕೊಡಬೇಕು.

ಹಾಳೆ ತಟ್ಟೆ ಇಟ್ಟು ಪಕ್ಕದಲ್ಲೇ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಯ ನೀರು ಕೊಡುವ ಸಮಾರಂಭಗಳು ಈಗ ಸಾಮಾನ್ಯವಾಗಿವೆ. ಅರ್ಧ ಕುಡಿದು ಬಿಟ್ಟ ಬಾಟಲಿಗಳ ರಾಶಿಯೇ ತಟ್ಟೆಗಳ ರಾಶಿಗಿಂತ ದೊಡ್ಡದಾಗಿರುತ್ತದೆ. ಶಾಮಿಯಾನ ಕೊಡುವವರಲ್ಲೇ ಸ್ಟೀಲ್ ಲೋಟ ಮತ್ತು ನಲ್ಲಿಯಿರುವ ದೊಡ್ಡ ಪಾತ್ರೆ ಬಾಡಿಗೆಗೆ ಸಿಗುತ್ತವೆ. ಲೋಟ ತೊಳೆಯಲು ತಟ್ಟೆ ತೊಳೆಯುವಷ್ಟು ನೀರೂ ಬೇಡ, ಜನವೂ ಬೇಡ. ಅಡುಗೆಯವರೊಡನೆ ದರ ಮಾತಾಡುವಾಗಲೇ ಇದನ್ನೂ, ಮೇಜಿಗೆ ಪ್ಲಾಸ್ಟಿಕ್ ರೋಲ್ ಹಾಸಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು; ಊಟದ ದಿನ ಹೇಳಿದರೆ ಅವರು ತಂದದ್ದನ್ನೇ ಬಳಸುತ್ತಾರೆ.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಹನ್ನೆರಡು ಇಂಚಿನ ತಟ್ಟೆ ಪೂರ್ಣ ಊಟಕ್ಕೆ, ಹತ್ತು ಇಂಚಿನದು ಕೋರಿ ರೊಟ್ಟಿಗೆ, ಆರು ಇಂಚಿನದು ಬನ್ಸ್, ಗೋಳಿಬಜೆಯಂಥ ತಿಂಡಿಗೆ ಸಾಕು. ಬಟ್ಟಲು, ಚಮಚ ಬೇಡ. ನೂರಕ್ಕೆ ಹತ್ತರಷ್ಟು ಹೆಚ್ಚು ತನ್ನಿ, ಸೀಳಿದ್ದವನ್ನು ಹಣ್ಣು ಹೆಚ್ಚಿಡಲು ಬಳಸಬಹುದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒತ್ತಿದ ತಟ್ಟೆಯೇ ಅತ್ಯುತ್ತಮ. ಮದುವೆಯ ಕಾಲವೂ ಅದೇ ಆದ್ದರಿಂದ ತಯಾರಕರ ಬಳಿ ತಿಂಗಳು ಮೊದಲೇ ಹೇಳಿಡಬೇಕಾಗುತ್ತದೆ. ಆಟಿ, ಶ್ರಾವಣಗಳಲ್ಲಿ ಕಾರ್ಯಕ್ರಮವಿದ್ದವರು ಬೇಸಿಗೆಯಲ್ಲೇ ತಂದು, ಬಿಸಿಲಿಗೆ ಒಣಗಿಸಿ, ಅಡುಗೆಮನೆಯ ಅಟ್ಟದಲ್ಲಿ ಒಲೆಯ ಬಿಸಿ ತಾಗುವೆಡೆ ಗೋಣಿಯಲ್ಲಿ ಕಟ್ಟಿಟ್ಟುಕೊಂಡರೆ ಬೂಸಲು ಹಿಡಿಯುವ ಭಯ ಬಹಳಷ್ಟು ಕಡಿಮೆಯಾಗುತ್ತದೆ.